ಪೂಜೆಗಿಟ್ಟ ಕ್ಯಾಲೆಂಡರ್

2005ರಲ್ಲಿ ನಾನು ಪುಣೆಯ ವಿಮಾನ ನಗರದಲ್ಲಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಮಾಡ್ಯೂಲ್ ಲೀಡ್ ಆಗಿದ್ದೆ. ಹುದ್ದೆಯ ಹೆಸರು ಕೇಳಲು ದೊಡ್ಡದು. ಕೈಕೆಳಗಿದ್ದವರು ಆರು ಜನ; ಅವರಲ್ಲಿ ನಾನು ಹೇಳಿದ್ದನ್ನು ಹೇಳಿದಂತೆ ಮಾಡುವವರು ಒಬ್ಬರೂ ಇರಲಿಲ್ಲ. ಅದಕ್ಕೆ ನನಗೇನೂ ಬೇಸರವಿರಲಿಲ್ಲ, ಯಾಕೆಂದರೆ ನಾನೂ ಮೇಲಿನವರ ಮಾತನ್ನು ಹಾಗೇ ಕೇಳಿದವಳಲ್ಲ. ಹುಟ್ಟಿದ್ದು ಬಾಗಲಕೋಟೆ. ಮದುವೆಯಾಗಿ ತೊಂಬತ್ತರ ದಶಕದಲ್ಲಿ ಪುಣೆಗೆ ಬಂದು, ಇಲ್ಲೇ ಪ್ರೋಗ್ರಾಮಿಂಗ್ ಕಲಿತು, ಇಲ್ಲೇ ಅನ್ನ ಕಂಡುಕೊಂಡವಳು. ಈಗ ನಿವೃತ್ತಳಾಗಿ ಕೂತು ನೆನೆದರೆ ಅಂದಿನ ನೂರೆಂಟು ಪ್ರಾಜೆಕ್ಟುಗಳು ಒಂದರೊಳಗೊಂದು ಕಲಸಿಹೋಗಿವೆ. ಇದೊಂದು ಮಾತ್ರ ಕಲಸಿಲ್ಲ.

ಆ ವರ್ಷ ನಮ್ಮ ಕೈಯಲ್ಲಿದ್ದದ್ದು ಒಂದು ಧರ್ಮಾರ್ಥ ಟ್ರಸ್ಟಿನ ಡಯಾಲಿಸಿಸ್ ಕೇಂದ್ರಗಳ ಕೆಲಸ. ಮೂತ್ರಪಿಂಡಗಳು ಕೈಕೊಟ್ಟವರ ರಕ್ತವನ್ನು ಯಂತ್ರದೊಳಗೆ ಹಾಯಿಸಿ ಶುದ್ಧ ಮಾಡಿ ಮರಳಿ ಕೊಡುವುದೇ ಡಯಾಲಿಸಿಸ್. ವಾರಕ್ಕೆ ಎರಡು ಸಲವಾದರೂ ಬೇಕು, ತಪ್ಪಿಸುವಂತಿಲ್ಲ. ಟ್ರಸ್ಟಿಗೆ ಎರಡು ಕೇಂದ್ರಗಳಿದ್ದವು: ಪುಣೆಯ ಹಳೇ ಪೇಟೆಯಲ್ಲಿ ದೊಡ್ಡದು, ಕಾರ್ಖಾನೆಗಳ ಭೋಸರಿಯಲ್ಲಿ ಸಣ್ಣದು. ಮೊದಲು ಯಾರಿಗೇ ಆಗಲಿ ಸರದಿ ಸಿಗುತ್ತಿದ್ದದ್ದು ಪೇಟೆಯ ಕಿಟಕಿಯಲ್ಲಿ ಮಾತ್ರ. ಹೆಸರು ನೋಂದಾಯಿಸಿದ್ದೂ ಅಲ್ಲೇ. ನಾವು ಮಾಡಿದ ವೆಬ್‌ಸೈಟಿನಲ್ಲಿ ಭೋಸರಿಯ ಗುಮಾಸ್ತನೂ ಕಂಪ್ಯೂಟರ್ ಮುಂದೆ ಕೂತು, ಯಾವ ಯಂತ್ರ ಯಾವತ್ತು ಖಾಲಿ ಇದೆ ಎಂದು ನೋಡಿ, ಅಲ್ಲೇ ಸರದಿ ಕೊಡಬಹುದಿತ್ತು.

ಗುಮಾಸ್ತರಿಗೆ ತರಬೇತಿ ಕೊಡಲು ಭೋಸರಿಗೆ ಹೋದ ದಿನವೇ ಮಲ್ಲಮ್ಮನನ್ನು ಕಂಡೆ. ನಲವತ್ತು ದಾಟದ ಹೆಂಗಸು, ಮುಖ ಊದಿತ್ತು, ಕಾಲೂ ಊದಿತ್ತು. ಪಕ್ಕದಲ್ಲಿ ಗಂಡ ಶರಣಪ್ಪ, ಕಟ್ಟಡದ ಗೌಂಡಿ, ಕೈಮೇಲೆ ಸಿಮೆಂಟಿನ ಕಲೆ ಹಾಗೇ ಇತ್ತು. ನಾನು ಫೋನಿನಲ್ಲಿ ಮನೆಯವರ ಜೊತೆ ಕನ್ನಡ ಮಾತಾಡಿದ್ದು ಆಕೆಯ ಕಿವಿಗೆ ಬಿತ್ತು.

"ಯವ್ವಾ, ನೀವು ಕನ್ನಡದೋರೇನ್ರಿ?" ಎಂದಳು.

"ಹೌದವ್ವಾ, ಬಾಗಲಕೋಟಿ."

"ನಮ್ದು ಶಹಾಪುರ ಬಾಜೂಕ್ರಿ. ಆ ಪ್ಯಾಟಿಗೆ ಹೋಗಿ ಬರೂದಾಗ ಅರ್ಧಾ ಜೀವ ಹೋಗ್ತದ್ರಿ. ಇವ್ರೂ ಕೆಲಸಾ ಬಿಟ್ಟು ನನ್ನ ಹಿಂದ ಬರ್ಬೇಕು. ಇಲ್ಲೇ ನಂಬರ ಸಿಕ್ರ ಇವ್ರ ಪಗಾರಾನೂ ಉಳೀತದ, ನನ್ನ ಜೀವಾನೂ ಉಳೀತದ."

ಶರಣಪ್ಪ ಕಂಪ್ಯೂಟರನ್ನೇ ದಿಟ್ಟಿಸುತ್ತಿದ್ದ.

ಆದರೆ ಟ್ರಸ್ಟಿನ ಆಡಳಿತಾಧಿಕಾರಿ ರಾನಡೆ ಬಾಯಿ ನಮಗೆ ಮೊದಲೇ ಒಂದು ಗೆರೆ ಎಳೆದಿದ್ದರು. ಮರಾಠಿಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಸೆಪ್ಟೆಂಬರ್ ಮುಗಿಯುವ ತನಕ ನೋಡುತ್ತೇನೆ, ನಿಮ್ಮ ವೆಬ್‌ಸೈಟಿನಿಂದ ಭೋಸರಿಯ ಯಂತ್ರಗಳಿಗೆ ರೋಗಿಗಳು ಬಂದರೆ ಸರಿ, ಖಾಲಿ ಬಿದ್ದರೆ ಅವನ್ನು ಎತ್ತಿಸಿ ಪೇಟೆಗೆ ತರಿಸುತ್ತೇನೆ. ಅವರು ಕೆಟ್ಟವರಲ್ಲ. ಪೇಟೆಯಲ್ಲಿ ಜನ ಯಂತ್ರಕ್ಕಾಗಿ ಕಾಯುತ್ತಿರುವಾಗ ಭೋಸರಿಯಲ್ಲಿ ಯಂತ್ರ ಸುಮ್ಮನೆ ನಿಂತರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಒಮ್ಮೆ ಎತ್ತಿಕೊಂಡು ಹೋದ ಯಂತ್ರ ತಿರುಗಿ ಭೋಸರಿಗೆ ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಗಣಪತಿ ಹಬ್ಬದ ಹೊತ್ತಿಗೆ ವೆಬ್‌ಸೈಟ್ ಶುರುವಾಯಿತು, ಶುರುವಾದ ದಿನವೇ ಮುಗ್ಗರಿಸಿತು. ಭೋಸರಿಯ ಗುಮಾಸ್ತ ಮಲ್ಲಮ್ಮನ ಹೆಸರು ಹಾಕಿ ಸರದಿಯ ಬಟನ್ ಒತ್ತಿದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಗುಡ್ಡೆ. ಪೇಟೆಯಲ್ಲಿ ನೋಂದಾಯಿಸಿ ಭೋಸರಿಯಲ್ಲಿ ಸರದಿ ಕೇಳುವ ಯಾರಿಗೇ ಆಗಲಿ ಹೀಗೇ ಆಗುತ್ತಿತ್ತು, ಮತ್ತು ಭೋಸರಿಯ ರೋಗಿಗಳೆಲ್ಲ ಅಂಥವರೇ. ನಮ್ಮ ಪರೀಕ್ಷೆಯಲ್ಲಿ ಇದು ಸಿಕ್ಕಿರಲಿಲ್ಲ, ಯಾಕೆಂದರೆ ನಾವು ಸೃಷ್ಟಿಸಿಕೊಂಡ ಸುಳ್ಳು ರೋಗಿಗಳು ನೋಂದಾಯಿಸಿದ ಕೇಂದ್ರದಲ್ಲೇ ಸರದಿ ಕೇಳುವ ಸಂಭಾವಿತರಾಗಿದ್ದರು.

ದೋಷದ ಹೆಸರು ಕ್ಲಾಸ್ ಕಾಸ್ಟ್ ಎಕ್ಸೆಪ್ಷನ್. ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಟೈಪ್, ಅಂದರೆ ಜಾತಿ ಇರುತ್ತದೆ. ಒಂದು ಜಾತಿಯದು ಬರುತ್ತದೆ ಎಂದು ಕಾದಲ್ಲಿ ಇನ್ನೊಂದು ಬಂದರೆ ಪ್ರೋಗ್ರಾಮ್ ಅಲ್ಲೇ ಕೈಚೆಲ್ಲುತ್ತದೆ. ಆಗಿನ ಜಾವಾ ಬಂದದ್ದು ಯಾವುದು ಎಂದು ಮಾತ್ರ ಹೇಳುತ್ತಿತ್ತು. ಬೇಕಾಗಿದ್ದುದು ಯಾವುದು ಎಂದು ಹೇಳುತ್ತಿರಲಿಲ್ಲ. ನಮ್ಮ ದೋಷದ ದಾಖಲೆಯಲ್ಲಿ ಬಂದ ಹೆಸರು ಗ್ರೆಗೋರಿಯನ್ ಕ್ಯಾಲೆಂಡರ್. ಬೆಂಗಳೂರಿನಿಂದ ಬಂದು ನಮ್ಮ ತಂಡ ಸೇರಿದ್ದ ಪ್ರಸನ್ನ ತಲೆ ಕೆರೆದುಕೊಂಡ.

"ಮೇಡಂ, ಈ ಗ್ರೆಗೋರಿಯನ್ ಅನ್ನೋನನ್ನ ನಾವ್ಯಾರೂ ಕರ್ದೇ ಇಲ್ವಲ್ಲ. ಕೋಡಲ್ಲಿ ಎಲ್ಲೂ ಇಲ್ಲ. ಎಲ್ಲಿಂದ ಬಂದ ಇವ್ನು?"

ಎಲ್ಲಿಂದ ಬಂದ ಎಂಬುದು ನನಗೆ ಸ್ವಲ್ಪ ಹೊತ್ತಿನಲ್ಲೇ ಹೊಳೆಯಿತು. ಅದನ್ನು ಹೇಳಬೇಕಾದರೆ ಇನಾಮದಾರ ಸರ್ ವಿಷಯ ಹೇಳಬೇಕು.

ಇನಾಮದಾರ ಸರ್ ಧಾರವಾಡ ಕಡೆಯವರು. ಭೋಸರಿಯ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ನಮ್ಮ ಕಂಪನಿಗೆ ಬಂದವರು. ನನಗೆ ಜಾವಾ ಕಲಿಸಿದವರು ಅವರೇ. ಮಗು ಸಣ್ಣದಿದ್ದಾಗ ನಾನು ಕೆಲಸ ಬಿಡುತ್ತೇನೆಂದು ಹೋದರೆ, "ನಾಕು ತಾಸು ಬಾ, ಉಳದದ್ದು ನಾ ನೋಡ್ಕೋತೀನಿ" ಎಂದವರೂ ಅವರೇ. ಅವರು ಹಾಗೆ ಅನ್ನದಿದ್ದರೆ ಇವತ್ತು ಈ ಅನುಭವ ಬರೆಯಲು ನನಗೊಂದು ವೃತ್ತಿಯೇ ಇರುತ್ತಿರಲಿಲ್ಲ.

ಟ್ರಸ್ಟಿನ ಮೊದಲ ಪ್ರೋಗ್ರಾಮ್ ಬರೆದವರು ಸರ್. ಅದರ ಹೃದಯದಲ್ಲಿ ಅವರು ಕೂರಿಸಿದ್ದು ಕ್ಯಾಲೆಂಡರ್ ಎಂಬ ಕ್ಲಾಸು, ಎಂದರೆ ಒಂದು ಕೆಲಸವನ್ನು ಪೂರ್ತಿ ಬಲ್ಲ ತುಣುಕು. ಅದಕ್ಕೆ ತಾರೀಖಿನ ಜೊತೆಗೆ ಯಾವ ಕೇಂದ್ರ ಯಾವತ್ತು ಮುಚ್ಚಿರುತ್ತದೆ ಎಂಬುದೂ ಗೊತ್ತು. ಗುರುವಾರ ಭೋಸರಿಯಲ್ಲಿ ವಿದ್ಯುತ್ ರಿಪೇರಿ, ನೀರೂ ಬರುವುದಿಲ್ಲ. ಡಯಾಲಿಸಿಸ್ ಯಂತ್ರಕ್ಕೆ ಎರಡೂ ಬೇಕು. ಹಾಗಾಗಿ ಆ ಕೇಂದ್ರಕ್ಕೆ ಗುರುವಾರ ಬೀಗ, ಭಾನುವಾರ ಕೆಲಸ. ಪೇಟೆಯಲ್ಲಿ ಇದರ ತಿರುಗುಮುರುಗು. ಇದೆಲ್ಲ ಆ ಕ್ಲಾಸಿನೊಳಗಿತ್ತು.

ಜಾವಾದಲ್ಲಿಯೂ ಕ್ಯಾಲೆಂಡರ್ ಎಂಬ ಹೆಸರಿನದೇ ಒಂದು ಕ್ಲಾಸಿದೆ. ಅದನ್ನು ಕೇಳಿದರೆ ಒಳಗಿನಿಂದ ಕೈಗೆ ಬರುವುದು ಗ್ರೆಗೋರಿಯನ್ ಕ್ಯಾಲೆಂಡರ್. ಅದಕ್ಕೆ ತಿಂಗಳು, ತಾರೀಖು ಗೊತ್ತು, ಭೋಸರಿ ಗೊತ್ತಿಲ್ಲ. ಎರಡರಲ್ಲಿ ಯಾವುದು ಬೇಕು ಎಂದು ಪ್ರತಿ ಫೈಲಿನ ತಲೆಯಲ್ಲಿ ಒಂದು ಸಾಲು ಬರೆಯಬೇಕು, ಅದೇ ಇಂಪೋರ್ಟ್. ಹೊಸಬರಿಗೆ ಕಷ್ಟವಾಗಬಾರದೆಂದು ಸರ್ ತಮ್ಮ ಕ್ಯಾಲೆಂಡರನ್ನು ಕರೆಯುವ ರೀತಿಯನ್ನೂ ಜಾವಾದ್ದರಂತೆಯೇ ಇಟ್ಟಿದ್ದರು. ಹೀಗಾಗಿ ಇಂಪೋರ್ಟ್ ತಪ್ಪಿದರೂ ಕಂಪೈಲರ್, ಅಂದರೆ ಬರೆದದ್ದನ್ನು ತಪಾಸಣೆ ಮಾಡುವ ಸಾಧನ, ತಕರಾರು ತೆಗೆಯುತ್ತಿರಲಿಲ್ಲ. ಹಳಬರೆಲ್ಲ "ನಮ್ಮ ಕ್ಯಾಲೆಂಡರ್" ಎಂದು ಬಾಯಿಪಾಠ ಮಾಡಿಕೊಂಡಿದ್ದರು. ಹೊಸಬರು ಬಂದರು, ಕೋಡ್ ಬರೆಯುವ ಎಡಿಟರ್ ಎರಡು ಹೆಸರು ತೋರಿಸಿ ಯಾವುದು ಬೇಕು ಎಂದು ಕೇಳಿತು, ಅವರು ಮೇಲಿನದನ್ನು ಒತ್ತಿದರು. ಮೇಲಿದ್ದದ್ದು ಜಾವಾದ್ದು. ನೋಂದಣಿ ಒಂದು ಕೇಂದ್ರದಲ್ಲಿ, ಸರದಿ ಇನ್ನೊಂದರಲ್ಲಿ ಇದ್ದಾಗ ಮಾತ್ರ ಹೊಸಬರ ಫೈಲಿನ ಕ್ಯಾಲೆಂಡರ್ ಹಳಬರ ಫೈಲಿಗೆ ಹೋಗುತ್ತಿತ್ತು, ಅಲ್ಲೇ ಎಡವುತ್ತಿತ್ತು.

ಒಂದು ಫೈಲಿನಲ್ಲಿ ಇಂಪೋರ್ಟ್ ತಿದ್ದಿದೆವು. ಮರುದಿನ ಇನ್ನೊಂದು ಪುಟ ಬಿತ್ತು. ಅದನ್ನೂ ತಿದ್ದಿದೆವು, ಮತ್ತೊಂದು ಬಿತ್ತು. ಈ ನಡುವೆ ಭೋಸರಿಯ ಗುಮಾಸ್ತ ಬೇಸತ್ತು ಎಲ್ಲರನ್ನೂ ಪೇಟೆಗೆ ಕಳಿಸುತ್ತಿದ್ದ, ಭೋಸರಿಯ ಯಂತ್ರಗಳು ಖಾಲಿ ನಿಲ್ಲುತ್ತಿದ್ದವು. ಆಗ ಪ್ರಸನ್ನ ಒಂದು ಉಪಾಯ ಮಾಡಿದ. ನಮ್ಮ ಕ್ಯಾಲೆಂಡರೇ ಬೇಕು ಎಂದು ಹಟ ಹಿಡಿಯುತ್ತಿದ್ದ ಸಾಲನ್ನೇ ತೆಗೆದುಹಾಕಿ, ಬಂದ ಗ್ರೆಗೋರಿಯನ್ನಿನಿಂದಲೇ ಕೆಲಸ ಮಾಡಿಸಿದ. ದೋಷ ಮಾಯ! ಮಲ್ಲಮ್ಮನಿಗೆ ಭೋಸರಿಯಲ್ಲೇ ಸರದಿ ಸಿಕ್ಕಿತು. ಎಲ್ಲರೂ ಅವನ ಬೆನ್ನು ತಟ್ಟಿದೆವು, ಚಹಾ ತರಿಸಿ ಕುಡಿದೆವು.

ಸಿಕ್ಕ ಸರದಿ ಗುರುವಾರದ್ದು.

ಅವತ್ತು ಬೆಳಿಗ್ಗೆ ಗಂಡ ಹೆಂಡತಿ ಬಂದು ನೋಡಿದರೆ ಕೇಂದ್ರಕ್ಕೆ ಬೀಗ. ಕಾವಲುಗಾರ ಇವತ್ತು ಗುರುವಾರ ಎಂದ. ಶರಣಪ್ಪ ಕೈಯಲ್ಲಿದ್ದ ಚೀಟಿ ತೋರಿಸಿದ. ಬೀಗಕ್ಕೆ ಚೀಟಿ ಓದಲು ಬರುತ್ತದೆಯೇ? ಅಲ್ಲಿಂದ ಬಸ್ಸು ಹಿಡಿದು ಪೇಟೆಗೆ ಹೊರಟರು, ದಾರಿಯಲ್ಲಿ ಮಲ್ಲಮ್ಮನಿಗೆ ಉಸಿರು ಕಟ್ಟಿತು. ಯಾರೋ ಪುಣ್ಯಾತ್ಮ ರಿಕ್ಷಾದವನು ಎತ್ತಿ ಹಾಕಿಕೊಂಡು ಪೇಟೆಯ ಕೇಂದ್ರಕ್ಕೆ ಮುಟ್ಟಿಸಿದ. ಅವಳ ಸರದಿ ಅಲ್ಲದಿದ್ದರೂ ರಾನಡೆ ಬಾಯಿ ಯಂತ್ರ ಕೊಡಿಸಿದರು, ಆಮೇಲೆ ನನಗೆ ಫೋನ್ ಮಾಡಿದರು. ಬಯ್ಯಲಿಲ್ಲ. ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "ಗುರುವಾರ ಭೋಸರಿ ಮುಚ್ಚಿರ್ತದೆ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ವಾ?" ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಗೊತ್ತಿತ್ತು. ಅದೇ ಸಂಕಟ. ಗೊತ್ತಿದ್ದ ಕ್ಯಾಲೆಂಡರನ್ನು ಬಾಗಿಲಾಚೆ ನಿಲ್ಲಿಸಿ, ಗೊತ್ತಿಲ್ಲದ್ದನ್ನು ಒಳಗೆ ಕರೆದಿದ್ದೆವು. ದೋಷ ಕೂಗುತ್ತಿದ್ದಷ್ಟು ದಿನ ಮಲ್ಲಮ್ಮನಿಗೆ ಬರೀ ತೊಂದರೆ ಇತ್ತು. ಅದರ ಬಾಯಿ ಮುಚ್ಚಿಸಿದ ಮೇಲೆ ಜೀವಕ್ಕೇ ಬಂತು. ಪ್ರಸನ್ನನ ಮುಖ ನೋಡಲಾಗಲಿಲ್ಲ. "ಮೇಡಂ, ಅವ್ರಿಗೇನಾದ್ರೂ ಆಗಿದ್ರೆ?" ಎಂದು ಎರಡು ಸಲ ಕೇಳಿದ. ಒಳ್ಳೇ ಹುಡುಗ, ಅವನ ಉಪಾಯಕ್ಕೆ ಚಹಾ ಕುಡಿದವರು ನಾವೆಲ್ಲ.

ಮಾಡಬೇಕಾದ್ದು ಸ್ಪಷ್ಟವಿತ್ತು. ನಮ್ಮ ಕ್ಲಾಸಿನ ಹೆಸರು ಬದಲಿಸಬೇಕು. ಹೆಸರೇ ಬೇರೆಯಾದರೆ ಯಾರೂ ತಪ್ಪಿ ಇನ್ನೊಂದನ್ನು ಕರೆಯಲಾರರು. ಇದನ್ನು ತಂಡದ ಮುಂದೆ ಹೇಳಿದೆ. ಹಳಬರು ಮುಖ ಮುಖ ನೋಡಿಕೊಂಡರು, ಯಾರೂ ಹೂಂ ಅನ್ನಲಿಲ್ಲ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಸರ್ ಹೃದಯದ ಆಪರೇಷನ್ ಆಗಿ ಕೆಲಸದಿಂದ ನಿವೃತ್ತರಾದ ವರ್ಷ ಖಂಡೇನವಮಿ ಬಂತು. ಆಯುಧಗಳಿಗೆ ಪೂಜೆ ಮಾಡುವ ದಿನ. ಆಫೀಸಿನಲ್ಲಿ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ ಚೆಂಡುಹೂ ಇಡುತ್ತೇವೆ. ಸರ್ ಕುರ್ಚಿ ಖಾಲಿ ಇತ್ತು. ಯಾರಿಗೆ ಹೊಳೆಯಿತೋ, ಅವರ ಕ್ಯಾಲೆಂಡರ್ ಫೈಲನ್ನು ಹಾಳೆಯ ಮೇಲೆ ಮುದ್ರಿಸಿ ಸರ್ವರಿನ ಪಕ್ಕ ಇಟ್ಟು ಅದಕ್ಕೂ ಕುಂಕುಮ ಹಚ್ಚಿದರು. ಮರುವರ್ಷವೂ ಇಟ್ಟರು. ಅಲ್ಲಿಗೆ ಅದು ಪದ್ಧತಿಯಾಯಿತು. ಆಮೇಲೆ ಆ ಫೈಲಿನ ಒಂದು ಅಕ್ಷರವನ್ನೂ ಯಾರೂ ಮುಟ್ಟಲಿಲ್ಲ. ತಂಡಕ್ಕೆ ಹೊಸಬರು ಬಂದರೆ ಮೊದಲು ಅದನ್ನು ತೋರಿಸುತ್ತಿದ್ದೆವು, ಗುಡಿಯಲ್ಲಿ ಮೂರ್ತಿ ತೋರಿಸುವ ಹಾಗೆ. ಬಗ್ಗಿ ನಮಸ್ಕಾರ ಮಾಡುವುದೊಂದು ಬಾಕಿ. ಈಗ ಅದರ ಹೆಸರನ್ನೇ ಅಳಿಸುವುದೆಂದರೆ ಯಾರ ಕೈ ಮುಂದೆ ಬರುತ್ತದೆ? ನಿಜ ಹೇಳುತ್ತೇನೆ, ನನ್ನ ಕೈಯೂ ಬರಲಿಲ್ಲ.

ಸರ್ ಆಗ ಭೋರ್‌ನಲ್ಲಿದ್ದರು. ಸಹ್ಯಾದ್ರಿಯ ಗುಡ್ಡಗಳ ನಡುವಿನ ಆ ಸಣ್ಣ ಊರು ಅವರ ಹೆಂಡತಿಯ ತವರು. ಮರುದಿನ ಬೆಳಿಗ್ಗೆಯೇ ಸ್ವಾರಗೇಟ್‌ನಿಂದ ಬಸ್ಸು ಹತ್ತಿದೆ. ಸರ್ ತಮ್ಮ ಹೆಂಡತಿಯ ತಮ್ಮನ ಸ್ಟೇಷನರಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದರು. ಶಾಲೆಯ ಹುಡುಗಿಯರು ಗ್ರಾಫ್ ಹಾಳೆಗಾಗಿ ಮುತ್ತಿದ್ದರು, ಸರ್ ಅವರನ್ನು ಮರಾಠಿಯಲ್ಲಿ ರೇಗಿಸುತ್ತಿದ್ದರು. ನನ್ನನ್ನು ಕಂಡು ಎದ್ದೇ ನಿಂತರು.

"ಏನವಾ ಸುನಂದಾ, ಇಷ್ಟು ದೂರ? ಫೋನ್ ಮಾಡಿದ್ರ ಆಗ್ತಿದ್ದಿಲ್ಲೇನು?"

"ಫೋನಿನ್ಯಾಗ ಕೇಳೂ ಮಾತಲ್ರಿ ಸರ್."

"ಮತ್ತ ಕೆಲಸ ಬಿಡ್ತೀ ಏನು?"

"ಇಲ್ರಿ. ನಿಮ್ಮ ಕ್ಯಾಲೆಂಡರ್ ಅದಲ್ರಿ, ಅದರ ಹೆಸರು ಬದಲ ಮಾಡಬೇಕಾಗೇದ."

"ಇಷ್ಟಕ್ಕ ಬಸ್ ಹತ್ತಿ ಬಂದ್ಯಾ? ಮಾಡ್ಬೇಕಿತ್ತವಾ!"

"ಹ್ಯಾಂಗ ಮಾಡೂದ್ರಿ ಸರ್? ಖಂಡೇನವಮಿಗೆ ಅದಕ್ಕ ಪೂಜಾ ಮಾಡ್ತೀವಿ."

ಈ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ. ಗ್ರಾಫ್ ಹಾಳೆ ಎಣಿಸುತ್ತಿದ್ದ ಕೈ ನಿಂತಿತು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ನಕ್ಕರು, ಅಂಗಡಿಯ ಹುಡುಗಿಯರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

"ಹುಚ್ಚರ ಸಂತಿ! ನಮ್ಮಪ್ಪ ಖಂಡೇನವಮಿ ದಿವಸ ಕುಡಗೋಲಿಗೆ ಕುಂಕುಮ ಹಚ್ತಿದ್ದ. ಮರುದಿವಸ ಅದನ್ನ ಸಾಣಿ ಹಿಡಿದು ಹೊಲಕ್ಕ ಒಯ್ತಿದ್ದ. ಪೂಜಾ ಆಗೇದ ಅಂತ ಗೋಡಿಗೆ ತೂಗುಹಾಕಿದ್ರ ಬೆಳಿ ಕೊಯ್ಯಾವ್ರು ಯಾರವಾ?"

ನಾನು ಮಲ್ಲಮ್ಮನ ಕಥೆ ಹೇಳಿದೆ. ಗುರುವಾರದ ಮಾತು ಬಂದಾಗ ಅವರ ನಗು ಹೋಯಿತು.

"ಆ ಹೆಣ್ಣಮಗಳು ಈಗ ಹ್ಯಾಂಗದಾಳ?" ಎಂದರು.

"ಆರಾಮ ಅದಾಳ್ರಿ. ಆದ್ರ ಯಂತ್ರ ಪ್ಯಾಟಿಗೆ ಹೋದ್ರ ಮುಂದ ಏನೋ ಗೊತ್ತಿಲ್ಲ."

"ಸುನಂದಾ, ನಾ ಅದಕ್ಕ ಗುರುವಾರ ಕಲಿಸಿದ್ದು ಆಕಿಯಂಥಾವ್ರ ಸಲುವಾಗಿ. ನನ್ನ ಸಲುವಾಗಿ ಅಲ್ಲ. ನೀವು ನನ್ನನ್ನ ಕಾಯಾಕ ಹೋಗಿ ಆಕೀನ ಮರತ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ಮಾತು ತಿರುಗಿಸಲೆಂದು, ಹೊಸ ಹೆಸರಿಗೆ ಮುಂದೆ "ಇನಾಮದಾರ" ಸೇರಿಸೋಣ ಎಂದು ಪ್ರಸನ್ನ ಹೇಳಿದ್ದಾನೆ ಅಂದೆ.

"ನನ್ನ ಹೆಸರು ನಮ್ಮ ಮಗ ತನ್ನ ಮನಿಗೇ ಇಡಲಿಲ್ಲ, ನೀವು ಕೋಡಿಗೆ ಇಡ್ತೀರೇನು? ಬ್ಯಾಡ. ಕೇಂದ್ರದ ಕೆಲಸ ಮಾಡ್ತದ, ಕೇಂದ್ರದ್ದೇ ಹೆಸರಿರ್ಲಿ. ಸೆಂಟರ್ ಕ್ಯಾಲೆಂಡರ್ ಅನ್ರಿ, ಮುಗೀತು."

ಅವರ ಮನೆಯಲ್ಲಿ ಉಂಡು, ಅವರು ಕೊಟ್ಟ ಅಂಬೆಮೊಹರ ಅಕ್ಕಿಯ ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆ. ಹೋಗುವಾಗ ಹೊತ್ತಿದ್ದ ಭಾರಕ್ಕೆ ಹೋಲಿಸಿದರೆ ಆ ಚೀಲ ಏನೂ ಅಲ್ಲ.

ಮುಂದಿನ ಕೆಲಸ ಸರಳವಾಗಿತ್ತು, ಆದರೆ ಸಾಕಷ್ಟು ಇತ್ತು. ಪ್ರಸನ್ನನ ಉಪಾಯವನ್ನು ಅವನೇ ಮೊದಲು ಕಿತ್ತುಹಾಕಿದ. ನಮ್ಮ ಕ್ಲಾಸನ್ನೂ ಅದನ್ನು ಸರಿಯಾಗಿ ಕರೆಯುತ್ತಿದ್ದ ಫೈಲುಗಳನ್ನೂ ಹೊಸ ಹೆಸರಿಗೆ ತಂದೆವು. ಆಮೇಲೆ ಎಲ್ಲೆಲ್ಲಿ ಬರೀ ಕ್ಯಾಲೆಂಡರ್ ಎಂದು ಉಳಿದಿತ್ತೋ ಅದೆಲ್ಲ ಜಾವಾದ್ದು, ಅಂದರೆ ಸಂಶಯದ್ದು. ತಪ್ಪುಗಳು ತಾವಾಗಿ ಸಾಲುಗಟ್ಟಿ ನಿಂತವು; ನಾವು ಒಂದೊಂದನ್ನೇ ತಿದ್ದುತ್ತಾ ಹೋದೆವು. ವೆಬ್ ಪುಟಗಳು ಮೊದಲ ಸಲ ತೆರೆದಾಗಷ್ಟೇ ಕಂಪೈಲ್ ಆಗುತ್ತವೆ, ಅದರಿಂದ ಪ್ರತಿ ಪುಟವನ್ನೂ ತೆರೆದು ನೋಡಿದೆವು. ಈ ಸಲ ಪರೀಕ್ಷೆಗೆ ಪೇಟೆಯಲ್ಲಿ ನೋಂದಾಯಿಸಿ ಭೋಸರಿಯಲ್ಲಿ ಸರದಿ ಕೇಳುವ ರೋಗಿಗಳನ್ನೇ ಮಾಡಿಕೊಂಡೆವು, ಗುರುವಾರವೇ ಬೇಕೆಂದು ಹಟ ಮಾಡುವವರನ್ನೂ. ಹಳಬರೆಲ್ಲ ಕೈ ಹಚ್ಚಿದರು. ಸರ್ ಹೂಂ ಅಂದಿದ್ದಾರೆ ಎಂಬ ಒಂದು ಮಾತು ಸಾಕಾಗಿತ್ತು.

ಹೊಸ ಪ್ರೋಗ್ರಾಮನ್ನು ಭೋಸರಿಗೆ ಹಾಕಲು ನಾನು ಆರಿಸಿದ್ದು ಗುರುವಾರವನ್ನೇ. ಕೇಂದ್ರಕ್ಕೆ ಹೇಗೂ ಬೀಗ, ಕೆಟ್ಟರೆ ತಿದ್ದಲು ಒಂದಿಡೀ ದಿನ ಕೈಯಲ್ಲಿರುತ್ತದೆ. ಸರ್ವರ್ ನಮ್ಮ ಆಫೀಸಿನಲ್ಲಿತ್ತು, ವಿದ್ಯುತ್ತಿನ ಚಿಂತೆ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನೇ ಭೋಸರಿಯ ಕಿಟಕಿಯ ಒಳಗೆ ಗುಮಾಸ್ತನ ಪಕ್ಕ ಹೋಗಿ ಕೂತೆ. ಮಲ್ಲಮ್ಮ ಬಂದಳು. ಗುಮಾಸ್ತ ಬಟನ್ ಒತ್ತಿದ. ಪರದೆಯ ಮೇಲೆ ಇಂಗ್ಲಿಷ್ ಗುಡ್ಡೆ ಇರಲಿಲ್ಲ. ಯಂತ್ರ, ದಿನ, ಹೊತ್ತು, ಅಷ್ಟೇ ಇತ್ತು. ಆ ದಿನವೇ ಯಂತ್ರ ಸಿಕ್ಕಿತು. ಮುಂದಿನ ವಾರಗಳಿಗೂ ಸರದಿ ಕೊಡುವಾಗ ಗುಮಾಸ್ತ ಬೇಕೆಂದೇ ಗುರುವಾರ ಒತ್ತಿ ನೋಡಿದ. ಆ ದಿನ ಕೇಂದ್ರ ಮುಚ್ಚಿದೆ ಎಂದು ಪರದೆ ಹೇಳಿತು. ಅವನು ಅದನ್ನು ಓದಿ ಹೇಳಿದ, ನಾನು ಕನ್ನಡದಲ್ಲಿ ಹೇಳಿದೆ.

ಮಲ್ಲಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಬ್ಯಾಸ್ತಾರ ಬರಬ್ಯಾಡ ಅಂತದೇನ್ರಿ? ಶಾಣ್ಯಾ ಆತು ಬಿಡ್ರಿ ನಿಮ್ಮ ಕಂಪ್ಯೂಟರು!" ಎಂದಳು. ಶರಣಪ್ಪ ಅವತ್ತು ಕೆಲಸಕ್ಕೆ ಹೋಗಿದ್ದ. ಅವಳು ಒಬ್ಬಳೇ ನಡೆದು ಬಂದಿದ್ದಳು.

ತಿಂಗಳು ಮುಗಿಯುವ ಹೊತ್ತಿಗೆ ಭೋಸರಿಯ ಯಂತ್ರಗಳಿಗೆ ಬಿಡುವಿರಲಿಲ್ಲ. ರಾನಡೆ ಬಾಯಿ ಖುದ್ದಾಗಿ ಬಂದು ನೋಡಿ, ಯಂತ್ರಗಳು ಇಲ್ಲೇ ಇರಲಿ ಎಂದರು. ಅವರಿಗೆ ನಾನು ಇವತ್ತಿಗೂ ಕೃತಜ್ಞಳು. ಗುರುವಾರದ ಆ ಅನಾಹುತದ ದಿನವೇ ಅವರು ಯಂತ್ರ ಎತ್ತಿಸಿದ್ದರೆ ಬೇಡ ಅನ್ನುವ ಬಾಯಿ ನಮಗಿರಲಿಲ್ಲ. ರಾನಡೆ ಬಾಯಿ ಬಂದುಹೋದ ದಿನವೇ ಭೋರ್‌ನ ಅಂಗಡಿಗೆ ಫೋನ್ ಮಾಡಿ, ಮಲ್ಲಮ್ಮನ ಮಾತನ್ನೂ ಸೇರಿಸಿ ಎಲ್ಲ ಹೇಳಿದೆ.

"ಹೆಸರು ಹೋದ್ರೂ ವಾರ ಮರತಿಲ್ಲಲ್ಲ ಅದು. ಭಾಳ ಛಲೋ ಆತು" ಎಂದರು ಸರ್.

ಆ ವರ್ಷದ ಖಂಡೇನವಮಿಗೆ ಅವರನ್ನು ಆಫೀಸಿಗೆ ಕರೆಸಿದೆವು. ಎಂದಿನಂತೆ ಸರ್ವರಿನ ಪಕ್ಕ ಹಾಳೆ ಇತ್ತು, ಮೇಲೆ ಹೊಸ ಹೆಸರಿತ್ತು. ಅವರ ಕೈಯಿಂದಲೇ ಕುಂಕುಮ ಹಚ್ಚಿಸಬೇಕೆಂದು ಪ್ರಸನ್ನ ಬಟ್ಟಲು ಹಿಡಿದು ನಿಂತ. ಸರ್ ಕುಂಕುಮ ಹಚ್ಚಿದರು, ಕೈ ಮುಗಿದರು, ಹಾಳೆಯನ್ನು ಎತ್ತಿ ಕಣ್ಣ ಹತ್ತಿರ ತಂದು ಓದಿದರು. ನಾವೆಲ್ಲ ಅವರಿಗೆ ಹಳೆಯದೆಲ್ಲ ನೆನಪಾಗುತ್ತಿದೆ ಎಂದುಕೊಂಡು ಸುಮ್ಮನೆ ನಿಂತೆವು. ಸರ್ ಅಂಗಿ ಜೇಬಿನಿಂದ ಪೆನ್ನು ತೆಗೆದು, ಕುಂಕುಮದ ಬೆರಳಲ್ಲೇ ಹಿಡಿದು, ಪೂಜೆಯಾದ ಆ ಹಾಳೆಯ ಮೇಲೆ ಒಂದು ಸಾಲನ್ನು ಅಡ್ಡ ಹೊಡೆದರು.

"ಈ ಸಾಲು ಈಗ ಕೆಲಸಕ್ಕ ಬರಂಗಿಲ್ಲ, ತಗದು ಹಾಕ್ರಿ" ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು.

ಕಲಿಸಿದವರ ಋಣ ತೀರಿಸುವುದು ಅವರು ಬರೆದದ್ದನ್ನು ಮುಟ್ಟದೆ ಕಾಯುವುದರಿಂದಲ್ಲ, ಅದು ಯಾರಿಗಾಗಿ ಬರೆದದ್ದೋ ಅವರಿಗೆ ಮುಟ್ಟುವ ಹಾಗೆ ನೋಡಿಕೊಳ್ಳುವುದರಿಂದ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅವತ್ತು ಪ್ರಸಾದ ಹಂಚುವುದಕ್ಕೂ ಮೊದಲು ನಾನು ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನು ಅಳಿಸಿದೆ. ಸರ್ ನನ್ನ ಹಿಂದೆ ನಿಂತು, ಸರಿಯಾಗಿ ಅಳಿಸಿದೆನೋ ಇಲ್ಲವೋ ಎಂದು ನೋಡುತ್ತಿದ್ದರು.